ಫಾರಂ ನಂಬರ್ 7: ಭೂ ನ್ಯಾಯಮಂಡಳಿ ತಪ್ಪು ಮಾಡಿದಾಗ ಕೇಳೋರು ಯಾರು?

ಈ ಸಲದ ಮಾತುಕತೆಯ ಬರಹರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ಇಸವಿ, ಕಲಂಗಳನ್ನು ಇಲ್ಲಿ ಸೇರಿಸಿದ್ದೀನಿ. ನಿಧಾನವಾಗಿ ಓದಿ.

ನಮ್ಮಲ್ಲಿ ಬಹಳ ಜನ ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಊರಿನ ಪಹಣಿಯನ್ನ ಮೊಬೈಲ್‌ನಲ್ಲಿ ನೋಡ್ತೀವಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಅಜ್ಜನ ಹೆಸರು ಬರುತ್ತೆ, ನಾವು ಖುಷಿಪಡ್ತೀವಿ, ಮುಚ್ಚಿಡ್ತೀವಿ. ಆದರೆ 9ನೇ ಕಾಲಂನ ಹೆಸರಿನ ಪಕ್ಕ 10ನೇ ಕಾಲಂ ಅಂತ ಒಂದಿದೆ, ಈ ಜಮೀನು ಯಾವ ರೀತಿಯಲ್ಲಿ ಬಂತು ಅಂತ ಹೇಳೋದು. ಮಲೆನಾಡು, ಕರಾವಳಿ, ಉತ್ತರ ಕನ್ನಡದ ಕಡೆಯ ಲಕ್ಷಾಂತರ ಪಹಣಿಗಳ ಹಿಂದೆ ಕ್ರಯಪತ್ರ ಇಲ್ಲ, ಪಿತ್ರಾರ್ಜಿತವೂ ಅಲ್ಲ. ಇರೋದು ಭೂ ನ್ಯಾಯಮಂಡಳಿಯ ಒಂದು ಆದೇಶ. ಕೆಲವೊಮ್ಮೆ ಅರ್ಧ ಪುಟದ್ದು, ಇನ್ನು ಕೆಲವೊಮ್ಮೆ ಮೂರು ಸಾಲಿನದು.

ಆ ಮೂರು ಸಾಲು ತಪ್ಪಾಗಿದ್ದರೆ? ಉಳುಮೆ ಮಾಡಿದವನನ್ನ ಬಿಟ್ಟು ಬೇರೆಯವನಿಗೆ ಹಕ್ಕು ಕೊಟ್ಟಿದ್ದರೆ, ಒಡೆಯರಿಗೆ ನೋಟಿಸೇ ಹೋಗಿರದಿದ್ದರೆ? ಅದನ್ನು ಯಾರು, ಎಷ್ಟರಮಟ್ಟಿಗೆ ಸರಿಮಾಡಬಹುದು ಅನ್ನೋ ಪ್ರಶ್ನೆ ನಮ್ಮ ರಾಜ್ಯದಲ್ಲಿ ಹಲವು ದಶಕಗಳಿಂದ ನಡೀತಾ ಇದೆ. ಇವತ್ತು ಅದರ ಕಥೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು, ಸರಿ. ಆದರೆ ಗೇಣಿ ಕಾನೂನು ಒಂದಾಗಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆ 1948ರ ಮುಂಬಯಿ ಗೇಣಿ ಕಾಯ್ದೆ. ಬೀದರ್, ಗುಲ್ಬರ್ಗ, ರಾಯಚೂರಿಗೆ 1950ರ ಹೈದರಾಬಾದ್ ಕಾಯ್ದೆ. ದಕ್ಷಿಣ ಕನ್ನಡಕ್ಕೆ ಮದ್ರಾಸಿನದು, ಹಳೇ ಮೈಸೂರಿಗೆ ಅದರದ್ದೇ, ಕೊಡಗಿಗೆ ಬೇರೆ. ಮಾತೂ ಬೇರೆ ಬೇರೆ ನೋಡಿ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ. ಉತ್ತರದಲ್ಲಿ ಲಾವಣಿಗೆ ಹಾಕೋದು. ಮೈಸೂರು ಸೀಮೆಯಲ್ಲಿ ವಾರಕ್ಕೆ ಮಾಡೋದು. ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ 1957ರಲ್ಲಿ ಇದನ್ನೆಲ್ಲ ಒಟ್ಟಿಗೆ ತರೋಕೆ ವರದಿ ಕೊಟ್ಟಿತು. ಅದರಿಂದ ಹುಟ್ಟಿದ್ದು 1961ರ ಭೂಸುಧಾರಣಾ ಕಾಯ್ದೆ. ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ. ನಮ್ಮ ಐಟಿ ಜನಕ್ಕೆ ಈ ಕಾಯ್ದೆಯ 79ಎ, 79ಬಿ ಕಲಂಗಳು ಮಾತ್ರ ಗೊತ್ತು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅಂತ 2020ರವರೆಗೂ ಕಾಡಿದ್ದವು ಅವೇ. ಕಾಯ್ದೆಯ ಜೀವ ಇದ್ದಿದ್ದು ಮಾತ್ರ ಬೇರೆ ಕಡೆ.

1961ರ ಕಾಯ್ದೆಯಲ್ಲಿ ಒಡೆಯರು ಸ್ವಂತ ಸಾಗುವಳಿಗೆ ಅಂತ ಜಮೀನು ವಾಪಸ್ ಪಡೆಯೋಕೆ ದಾರಿಗಳಿದ್ದವು. ತಕರಾರು ಮುನ್ಸಿಫ್ ಮಟ್ಟದಲ್ಲಿ ಸುತ್ತುತ್ತಿತ್ತು. ಗೇಣಿದಾರನಿಗೆ ಕೋರ್ಟ್ ಅಂದರೆ ಏನು ಅಂತ ಯೋಚಿಸಿ. ಬಸ್ ಚಾರ್ಜು, ವಕೀಲರ ಫೀಸು, ಒಂದು ದಿನದ ಕೂಲಿ. ಎದುರುಗಡೆ ಕೂತಿರೋದು ಯಾರ ಮನೆಯ ಅಂಗಳದಲ್ಲಿ ತಾನು ತಲೆತಗ್ಗಿಸಿ ನಿಲ್ಲುತ್ತಿದ್ದನೋ ಅದೇ ಧಣಿ. ಕೈಯಲ್ಲಿ ಗೇಣಿ ಚೀಟಿ ಇಲ್ಲ, ಯಾಕೆಂದರೆ ಚೀಟಿ ಕೊಡೋ ಪದ್ಧತಿಯೇ ಎಷ್ಟೋ ಕಡೆ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ಎಚ್. ಗಣಪತಿಯಪ್ಪ ಅದನ್ನ ಕಟ್ಟಿದ್ದು, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದು ನಿಮಗೆ ಗೊತ್ತೇ ಇದೆ. ಕೋರ್ಟಿನ ಮೆಟ್ಟಿಲು ಹತ್ತೋಕಾಗದ ಜನ ಗದ್ದೆಗೆ ಇಳಿದು ನಿಂತ ಚಳವಳಿ ಅದು. ಈ ಹಿನ್ನೆಲೆ ಮರೆತರೆ ಮುಂದಿನದು ಅರ್ಥ ಆಗಲ್ಲ.

ದೇವರಾಜ ಅರಸು ಮುಖ್ಯಮಂತ್ರಿ ಆದ ಮೇಲೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. 1974ರ ಒಂದನೇ ಕಾಯ್ದೆ, ಜಾರಿ ಮಾರ್ಚ್ 1, 1974. ಈ ತಾರೀಖು ನೆನಪಿಡಿ. 44ನೇ ಕಲಂ ಹೇಳಿದ್ದು ಇಷ್ಟು: ಈ ದಿನಕ್ಕೆ ಮುಂಚೆ ಗೇಣಿದಾರರ ಕೈಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತ ಆಯಿತು. ಒಡೆಯನ ಕೈಯಿಂದ ನೇರ ಗೇಣಿದಾರನ ಕೈಗಲ್ಲ, ಮೊದಲು ಸರ್ಕಾರಕ್ಕೆ. ಆಮೇಲೆ 45ನೇ ಕಲಂ ಪ್ರಕಾರ ಗೇಣಿದಾರ ತನ್ನನ್ನ ಅಧಿಭೋಗದಾರ ಅಂತ ನೋಂದಾಯಿಸಿ ಅಂತ ಅರ್ಜಿ ಹಾಕಬೇಕು. ಆ ಅರ್ಜಿಯೇ ನಮೂನೆ 7. ಹಳ್ಳಿಗಳಲ್ಲಿ ‘ಡಿಕ್ಲರೇಷನ್ ಹಾಕೋದು’ ಅಂತಿದ್ದರು. ಮೊದಲು ಗಡುವು 1974ರ ಕೊನೆಗೆ ಇತ್ತು, ಮುಂದೂಡುತ್ತಾ ಮುಂದೂಡುತ್ತಾ ಜೂನ್ 30, 1979ಕ್ಕೆ ಬಂದು ನಿಂತಿತು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು.

ಇವನ್ನು ತೀರ್ಮಾನ ಮಾಡೋಕೆ ಭೂ ನ್ಯಾಯಮಂಡಳಿ. 48ನೇ ಕಲಂ. ಅಧ್ಯಕ್ಷರು ಅಸಿಸ್ಟೆಂಟ್ ಕಮಿಷನರ್ ಅಥವಾ ಅದೇ ದರ್ಜೆಯ ಅಧಿಕಾರಿ. ಜೊತೆಗೆ ಸರ್ಕಾರ ನಾಮನಿರ್ದೇಶನ ಮಾಡಿದ ನಾಲ್ಕು ಜನ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಐದರಲ್ಲಿ ನಾಲ್ಕು ಜನ ಅಧಿಕಾರಿಗಳಲ್ಲ, ನ್ಯಾಯಾಧೀಶರಂತೂ ಒಬ್ಬರೂ ಇಲ್ಲ. ಇದು ಬೇಕಂತಲೇ ಮಾಡಿದ್ದು. ಊರಲ್ಲಿ ಯಾವ ಗದ್ದೆ ಯಾರು ಮಾಡ್ತಾರೆ ಅಂತ ಊರಿನವರಿಗೆ ಗೊತ್ತಿರುತ್ತೆ, ಕಾಗದ ನೋಡೋ ಮುನ್ಸಿಫರಿಗೆ ಗೊತ್ತಿರಲ್ಲ ಅನ್ನೋ ತರ್ಕ. ವಕೀಲರು ಮಂಡಳಿ ಮುಂದೆ ಬರೋ ಹಾಗಿಲ್ಲ ಅಂತ 48(8). ಸಿವಿಲ್ ಕೋರ್ಟಿಗೆ ಈ ಪ್ರಶ್ನೆ ಮುಟ್ಟೋ ಅಧಿಕಾರ ಇಲ್ಲ ಅಂತ 132. ದಾವೆ ನಡೆಯುವಾಗ ಗೇಣಿಯ ಪ್ರಶ್ನೆ ಎದ್ದರೆ ಅದನ್ನ ಮಂಡಳಿಗೆ ಕಳಿಸಿ ಕಾಯಬೇಕು ಅಂತ 133. ಮತ್ತೆ ಬಹಳ ಮುಖ್ಯವಾದದ್ದು, ಮಂಡಳಿಯ ಆದೇಶದ ಮೇಲೆ ಅಪೀಲೇ ಇಲ್ಲ.

ಪಕ್ಕದ ರಾಜ್ಯ ನೋಡಿ. ಮುಂಬಯಿ ಕಾಯ್ದೆಯಲ್ಲಿ 1957ರ ಏಪ್ರಿಲ್ 1 ‘ಉಳುವವನ ದಿನ’. ಅಲ್ಲಿ ಮಾಮಲೇದಾರ ಅಥವಾ ಕೃಷಿ ಭೂ ನ್ಯಾಯಮಂಡಳಿ ತೀರ್ಮಾನಿಸಿದರೆ ಕಲೆಕ್ಟರಿಗೆ ಅಪೀಲು, ಅದರ ಮೇಲೆ ರೆವಿನ್ಯೂ ಟ್ರಿಬ್ಯೂನಲ್, ಅದಾದಮೇಲೆ ಹೈಕೋರ್ಟು. ಪುಣೆಯಲ್ಲಿ ಸಾತ್‌ಬಾರಾ ನೋಡಿ ಪ್ಲಾಟ್ ಕೊಂಡವರಿಗೆ 32-ಜಿ, 32-ಎಂ ಅನ್ನೋ ಅಕ್ಷರಗಳು ಕಂಡಿರಬಹುದು, ಅದೇ ಸರಣಿಯವು. ಹೈದರಾಬಾದಲ್ಲಿ ಇರೋರಿಗೆ 38-ಇ ಪ್ರಮಾಣಪತ್ರದ ಕಾಟ ಗೊತ್ತು. ಅಪಾರ್ಟ್‌ಮೆಂಟ್ ಕೊಳ್ಳೋವಾಗ ವಕೀಲರು ‘ರಕ್ಷಿತ ಗೇಣಿದಾರ ಇದ್ದನಾ ನೋಡಿ’ ಅಂತಾರಲ್ಲ, ಅದು ನಮ್ಮ ಬೀದರ್, ರಾಯಚೂರಿಗೂ ಒಂದು ಕಾಲಕ್ಕೆ ಅನ್ವಯಿಸುತ್ತಿದ್ದ ಹೈದರಾಬಾದ್ ಕಾಯ್ದೆಯ ಕೂಸು. ಅಲ್ಲಿಯೂ ಮೆಟ್ಟಿಲುಗಳಿದ್ದವು. ನಾವು ಮಾತ್ರ ಮೆಟ್ಟಿಲನ್ನೇ ತೆಗೆದು ಹಾಕಿದೆವು. ತಾಲ್ಲೂಕು ಆಫೀಸಿನ ಹಾಲಿನಿಂದ ನೇರ ಬೆಂಗಳೂರಿನ ಹೈಕೋರ್ಟ್, ನಡುವೆ ಏನೂ ಇಲ್ಲ.

ಅಪೀಲು ತೆಗೆದುಹಾಕಬಹುದು. ಸಂವಿಧಾನದ 226ನೇ ವಿಧಿಯನ್ನ ರಾಜ್ಯದ ಶಾಸನಸಭೆ ತೆಗೆಯೋಕಾಗಲ್ಲ. ರಿಟ್ ಅರ್ಜಿ ಉಳಿಯಿತು. ಈಗ ನೋಡಿ, ರಿಟ್ ಅಂದರೇನು, ಅಪೀಲಿಗೂ ಅದಕ್ಕೂ ಏನು ವ್ಯತ್ಯಾಸ ಅನ್ನೋದೇ ಈ ಕಥೆಯ ತಿರುಳು.

ಅಪೀಲಿನಲ್ಲಿ ಮೇಲಿನ ಕೋರ್ಟು ಸಾಕ್ಷ್ಯವನ್ನ ಮತ್ತೆ ತೂಗಿ ‘ಈ ಸಾಕ್ಷಿ ಸುಳ್ಳು ಹೇಳ್ತಿದ್ದಾನೆ, ಗದ್ದೆ ಮಾಡ್ತಿದ್ದವನು ಇವನಲ್ಲ ಅವನು’ ಅಂತ ಹೇಳಬಹುದು. ಸರ್ಷಿಯೋರರಿ ರಿಟ್‌ನಲ್ಲಿ ಹಾಗೆ ಹೇಳೋಕಾಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹೈಕೋರ್ಟು ಪ್ರೋಗ್ರಾಂನ ಉತ್ತರ ಸರಿಯಿದೆಯಾ ಅಂತ ನೋಡಲ್ಲ, ಲಾಗ್ ಫೈಲ್ ತೆಗೆದು ಸರಿಯಾದ ಹೆಜ್ಜೆಯಲ್ಲಿ ಓಡಿತಾ ಅಂತ ನೋಡುತ್ತೆ. ಅಧಿಕಾರ ಇಲ್ಲದ ಕಡೆ ಕೈ ಹಾಕಿದೆಯಾ, ಇದ್ದ ಕಡೆ ಬಳಸದೆ ಬಿಟ್ಟಿದೆಯಾ, ಎರಡೂ ಕಡೆಯವರನ್ನ ಕೇಳಿದೆಯಾ, ದಾಖಲೆಯ ಮೇಲೇ ಎದ್ದು ಕಾಣೋ ಕಾನೂನಿನ ತಪ್ಪು ಇದೆಯಾ. ಇಷ್ಟೇ.

ಈ ‘ಎದ್ದು ಕಾಣೋ ತಪ್ಪು’ ಅನ್ನೋದು ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಮರೆತುಹೋಗಿತ್ತು. 1950ರ ದಶಕದ ಆರಂಭದಲ್ಲಿ ನಾರ್ತಂಬರ್‌ಲ್ಯಾಂಡ್‌ನ ಒಬ್ಬ ಗುಮಾಸ್ತರ ಪರಿಹಾರದ ಲೆಕ್ಕದಲ್ಲಿ ಟ್ರಿಬ್ಯೂನಲ್ ಅವರ ಸೇವೆಯ ಒಂದು ಭಾಗವನ್ನೇ ಬಿಟ್ಟುಬಿಟ್ಟಿತ್ತು. ಆ ಪ್ರಕರಣದಲ್ಲಿ ಡೆನ್ನಿಂಗ್ ಮತ್ತಿತರ ನ್ಯಾಯಾಧೀಶರು ಹಳೇ ಅಸ್ತ್ರವನ್ನ ಮತ್ತೆ ಹೊರತೆಗೆದರು. ಭಾರತದಲ್ಲಿ ಇದರ ಗಡಿ ಗುರುತಿಸಿದ ಆರಂಭದ ತೀರ್ಪುಗಳಲ್ಲಿ ಒಂದು ನಮ್ಮದೇ ಊರಿನದು. 1952ರ ಮೊದಲ ಚುನಾವಣೆ, ತರೀಕೆರೆ ಕ್ಷೇತ್ರ. ಗೆದ್ದವರು ಟಿ. ನಾಗಪ್ಪ. ಟಿ.ಸಿ. ಬಸಪ್ಪ ತಕರಾರು ಹಾಕಿದರು, ಚುನಾವಣಾ ನ್ಯಾಯಮಂಡಳಿ ಅವರ ಪರ ಹೇಳಿತು. ಮೈಸೂರು ಹೈಕೋರ್ಟು ಮಂಡಳಿಯ ಆದೇಶ ರದ್ದು ಮಾಡಿತು. 1954ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನದ್ದನ್ನೇ ರದ್ದು ಮಾಡಿ, ನೀವು ಅಪೀಲಿನ ಥರ ಕೂತುಬಿಟ್ರಿ, ರಿಟ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿತು. ಆಮೇಲೆ ಇನ್ನೊಂದು ಚುನಾವಣಾ ಪ್ರಕರಣ. ಮಂಗಳೂರಿನಲ್ಲಿ ಹುಟ್ಟಿ ಸಂವಿಧಾನ ಸಭೆಯಲ್ಲಿ ಕೂತಿದ್ದ ಹರಿ ವಿಷ್ಣು ಕಾಮತರು ಹೋಶಂಗಾಬಾದಿನಲ್ಲಿ ಸೋತು ತಂದದ್ದು. ಎದ್ದು ಕಾಣೋ ತಪ್ಪು ಅಂದರೆ ಏನು ಅಂತ ಪೂರ್ತಿ ವ್ಯಾಖ್ಯಾನ ಮಾಡೋಕಾಗಲ್ಲ, ಆಯಾ ಪ್ರಕರಣದಲ್ಲಿ ನೋಡಬೇಕು ಅಂತ ಅಲ್ಲಿ ಬಂತು. ಸೈಯದ್ ಯಾಕೂಬ್ ಪ್ರಕರಣದಲ್ಲಿ ಗಜೇಂದ್ರಗಡ್ಕರ್ ಅವರು ಗೆರೆ ಇನ್ನಷ್ಟು ಸ್ಪಷ್ಟ ಮಾಡಿದರು. ಸಂಗತಿಯ ತಪ್ಪು ಎಷ್ಟೇ ದೊಡ್ಡದಿದ್ದರೂ ರಿಟ್‌ಗೆ ಬರಲ್ಲ. ಆದರೆ ಯಾವ ಸಾಕ್ಷ್ಯವೂ ಇಲ್ಲದೆ ತೀರ್ಮಾನಿಸಿದ್ದರೆ, ತೆಗೆದುಕೊಳ್ಳಬೇಕಾದ ಸಾಕ್ಷ್ಯವನ್ನ ತಪ್ಪಾಗಿ ತಳ್ಳಿಹಾಕಿದ್ದರೆ, ಅದು ಕಾನೂನಿನ ತಪ್ಪು. ಒಂದು ಬಸ್ ಪರ್ಮಿಟ್ ಜಗಳದಲ್ಲಿ ಹುಟ್ಟಿದ ಈ ಸೂತ್ರ ಮುಂದೆ ನಮ್ಮ ಗದ್ದೆ ತೋಟಗಳ ಹಣೆಬರಹ ಬರೆಯಿತು.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಾಲ್ಪನಿಕವೇ. 2 ಎಕರೆ 10 ಗುಂಟೆ ಗದ್ದೆ. ಒಡತಿ ವಿಧವೆ, ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಡಿಕ್ಲರೇಷನ್ ಹಾಕಿದವರು ಇಬ್ಬರು. ಒಬ್ಬ ಇಪ್ಪತ್ತು ವರ್ಷದಿಂದ ಉಳ್ತಿದ್ದೀನಿ ಅಂತಾನೆ, ಪಹಣಿಯಲ್ಲಿ ಅವನ ಹೆಸರಿಲ್ಲ. ಇನ್ನೊಬ್ಬನ ಹೆಸರು 12(2)ನೇ ಕಾಲಂನಲ್ಲಿ, ಅಂದರೆ ಸಾಗುವಳಿದಾರನ ಕಾಲಂನಲ್ಲಿ ಎರಡು ವರ್ಷ ಇದೆ, ಊರಿನವರು ಅವನು ಒಡತಿಯ ಕೂಲಿಯಾಳು ಅಂತಾರೆ. ಮಂಡಳಿ ಒಂದೇ ದಿನ ಹತ್ತಾರು ಅರ್ಜಿ ತೆಗೆದುಕೊಳ್ಳುತ್ತೆ. ಆದೇಶ ಈ ಧಾಟಿಯದು: ಅರ್ಜಿದಾರರನ್ನು ವಿಚಾರಿಸಲಾಯಿತು, ಪಹಣಿ ಪರಿಶೀಲಿಸಲಾಯಿತು, ಹಕ್ಕು ಮಂಜೂರು ಮಾಡಿದೆ. ಕೆಳಗೆ ಐದು ಸಹಿ.

ಇಲ್ಲಿ ಪ್ರಶ್ನೆಗಳ ಸಾಲೇ ಇದೆ. ಒಡತಿಗೆ ನೋಟಿಸ್ ಪೇಟೆಯ ವಿಳಾಸಕ್ಕೆ ಹೋಯಿತಾ, ಅಥವಾ ಬೀಗ ಹಾಕಿದ ಊರಿನ ಮನೆ ಬಾಗಿಲಿಗೆ ಅಂಟಿಸಿದರಾ? ಕೂಲಿಯಾಳು ಗೇಣಿದಾರ ಆಗಲ್ಲ ಅಂತ 4ನೇ ಕಲಮೇ ಹೇಳುತ್ತೆ, ಮನೆಯ ಸದಸ್ಯ, ಭೋಗ್ಯಕ್ಕೆ ಪಡೆದು ಸ್ವಾಧೀನದಲ್ಲಿರೋನು ಕೂಡ ಆಗಲ್ಲ. ಮಂಡಳಿ ಅದನ್ನ ಕೇಳಿತಾ? ಸಾಕ್ಷಿಗಳ ಹೇಳಿಕೆ ಬರೆದುಕೊಂಡಿದ್ದಾರಾ, ಪಾಟೀಸವಾಲಿಗೆ ಅವಕಾಶ ಕೊಟ್ಟರಾ? ಸ್ಥಳ ನೋಡೋಕೆ ಹೋದರೆ ಇಬ್ಬರಿಗೂ ಹೇಳಿ ಹೋದರಾ? ಹೇಳಿಕೆ ಕೇಳಿದ ದಿನ ಇಲ್ಲದ ಸದಸ್ಯರು ಆದೇಶದ ದಿನ ಬಂದು ಸಹಿ ಹಾಕಿದರಾ? ಎಲ್ಲಕ್ಕಿಂತ ಹೆಚ್ಚಾಗಿ, ‘ಯಾಕೆ’ ಅನ್ನೋದು ಎಲ್ಲಿ? ಕಾರಣ ಇಲ್ಲದ ಆದೇಶವನ್ನ ಕೋರ್ಟಿನ ಭಾಷೆಯಲ್ಲಿ ಮಾತಾಡದ ಆದೇಶ ಅಂತಾರೆ. ಹೈಕೋರ್ಟಿಗೆ ಬಂದ ರಿಟ್‌ಗಳಲ್ಲಿ ಮತ್ತೆ ಮತ್ತೆ ಕಾಣೋ ತಕರಾರುಗಳು ಇವೇ.

ಪಹಣಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಹಕ್ಕುದಾಖಲೆಯಲ್ಲಿ ಬರೆದದ್ದು ನಿಜ ಅಂತ ಭಾವಿಸಬೇಕು, ಸುಳ್ಳು ಅಂತ ಸಾಬೀತಾಗೋವರೆಗೆ. (ಭೂಸುಧಾರಣಾ ಕಾಯ್ದೆಯ 133 ಬೇರೆ, ಇದು ಬೇರೆ. ಎರಡೂ ಒಂದೇ ನಂಬರ್ ಆಗಿದ್ದು ಕಾನೂನು ವಿದ್ಯಾರ್ಥಿಗಳ ಪಾಡು.) ಆದರೆ ಪಹಣಿ ಬರೆಯೋರು ಯಾರು? ವಂಶಪಾರಂಪರ್ಯದ ಶಾನುಭೋಗಿಕೆ 1963ರ ಫೆಬ್ರವರಿಯಲ್ಲಿ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ಪೆನ್ನು ಬದಲಾಯಿತು, ಊರಿನ ಬಲಾಬಲ ಬದಲಾಗಲಿಲ್ಲ. ಗೇಣಿದಾರನ ಹೆಸರು 12(2)ರಲ್ಲಿ ಬರದ ಹಾಗೆ ನೋಡಿಕೊಂಡ ಒಡೆಯರಿದ್ದರು, ‘ಸ್ವಂತ’ ಅಂತ ಬರೆಸಿಕೊಂಡರು. ಕೆಲವು ಕಡೆ ತಿರುಗಾಮುರುಗಾ ಕೂಡ ಆಯಿತು, 1974 ಹತ್ತಿರ ಬರುತ್ತಿದ್ದ ಹಾಗೆ ಹೊಸ ಹೆಸರುಗಳು ಹತ್ತಿಕೊಂಡವು. ಹಾಗಾಗಿ ಪಹಣಿ ನೋಡಿದೆ, ಮುಗೀತು ಅನ್ನೋ ಮಂಡಳಿಯೂ ತಪ್ಪು, ಪಹಣಿ ನೋಡೋದೇ ಇಲ್ಲ, ನಮಗೆ ಊರೆಲ್ಲ ಗೊತ್ತು ಅನ್ನೋ ಮಂಡಳಿಯೂ ತಪ್ಪು. ಭಾವನೆಯನ್ನ ಒಡೆಯೋಕೆ ಬಾಯಿಮಾತಿನ ಸಾಕ್ಷ್ಯ ಸಾಕೋ ಇಲ್ಲವೋ ಅಂತ ತೂಗಿ, ತೂಗಿದ್ದು ಹೇಗೆ ಅಂತ ಬರೀಬೇಕು. ನಾವು 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಬಗ್ಗೆ ಹೆಮ್ಮೆಪಡ್ತೀವಿ, ನಾನೂ ಪಡ್ತೀನಿ. ಸುಮಾರು ಎರಡು ಕೋಟಿ ಪಹಣಿ ಗಣಕಕ್ಕೆ ಏರಿಸಿದ್ದು ಸಣ್ಣ ಕೆಲಸ ಅಲ್ಲ. ಆದರೆ ಕೈಬರಹದಲ್ಲಿ ಯಾರ ಹೆಸರು ಇತ್ತೋ ಅದೇ ಅಚ್ಚುಕಟ್ಟಾಗಿ ಟೈಪಾಗಿ ಕೂತಿದೆ. ಅಚ್ಚಿನ ಅಕ್ಷರ ನೋಡಿದರೆ ಸತ್ಯದ ಥರ ಕಾಣುತ್ತೆ, ಅಷ್ಟೇ.

ಸರಿ, ಹೈಕೋರ್ಟು ತಪ್ಪು ಕಂಡುಹಿಡಿಯಿತು ಅಂದುಕೊಳ್ಳಿ. ಆಮೇಲೆ? ಇಲ್ಲೇ ಇರೋದು ನೋವು. ರಿಟ್‌ನಲ್ಲಿ ಸಾಕ್ಷ್ಯ ತೂಗೋ ಹಾಗಿಲ್ಲ. ಆದ್ದರಿಂದ ಗದ್ದೆ ಯಾರದು ಅಂತ ಸಾಮಾನ್ಯವಾಗಿ ಹೈಕೋರ್ಟು ಹೇಳಲ್ಲ. ಆದೇಶ ರದ್ದು, ಹೊಸದಾಗಿ ವಿಚಾರಣೆ ಮಾಡಿ, ಮಂಡಳಿಗೆ ವಾಪಸ್. ಎಲ್ಲರೂ ಮತ್ತೆ ತಾಲ್ಲೂಕು ಆಫೀಸಿಗೆ. ಮಂಡಳಿ ಸದಸ್ಯರು ಬದಲಾಗಿರುತ್ತಾರೆ, ಅಥವಾ ನಾಮನಿರ್ದೇಶನವೇ ಆಗಿರಲ್ಲ, ಮಂಡಳಿ ಕೂರಲ್ಲ. ಕೊನೆಗೆ ಕೂತು ಆದೇಶ ಕೊಟ್ಟರೆ ಸೋತವರು ಮತ್ತೆ ರಿಟ್ ಹಾಕ್ತಾರೆ. ಇಷ್ಟರಲ್ಲಿ ಹಳೇ ಸಾಕ್ಷಿಗಳು ತೀರಿಕೊಂಡಿರುತ್ತಾರೆ. 1974ರ ಮಾರ್ಚ್ 1ರಂದು ಆ ಗದ್ದೆಯಲ್ಲಿ ಯಾರು ಇದ್ದರು ಅಂತ ಹೇಳೋಕೆ ಅವತ್ತು ಹುಟ್ಟೇ ಇರದವರು ಕಟಕಟೆಗೆ ಬರ್ತಾರೆ.

ಇದಕ್ಕೆ ಹೈಕೋರ್ಟನ್ನ ‘ರೈತ ವಿರೋಧಿ’ ಅಂತ ಬೈದವರಿದ್ದರು. ನನಗೆ ಹಾಗನ್ನಿಸಲ್ಲ. ರಿಟ್ ಹಾಕಿದವರು ಒಡೆಯರು ಮಾತ್ರ ಅಲ್ಲ, ಅರ್ಜಿ ವಜಾ ಆದ ಗೇಣಿದಾರರೂ ಹಾಕಿದರು. ಬೇಗ ಮುಗಿಸಬೇಕು ಅಂತ ಅಪೀಲು ತೆಗೆದದ್ದು ಒಂದರ್ಥದಲ್ಲಿ ಫಲ ಕೊಟ್ಟಿತು, ಅಷ್ಟೊಂದು ಲಕ್ಷ ಅರ್ಜಿಗಳ ಬಹುಪಾಲು ಕೆಲವೇ ವರ್ಷಗಳಲ್ಲಿ ತೀರ್ಮಾನ ಆಯಿತು, ತಕರಾರು ಇಲ್ಲದ ಕಡೆ ಜನ ನಮೂನೆ 10ರ ಪ್ರಮಾಣಪತ್ರ ಹಿಡಿದು ಒಡೆಯರಾದರು. ಇದು ದೊಡ್ಡ ಸಾಧನೆ, ಅದನ್ನ ಚಿಕ್ಕದು ಮಾಡೋ ಮನಸ್ಸು ನನಗಿಲ್ಲ. ಆದರೆ ತಕರಾರು ಇದ್ದ ಕಡೆ, ಅಂದರೆ ನ್ಯಾಯ ನಿಜವಾಗಿ ಬೇಕಾಗಿದ್ದ ಕಡೆ, ಒಂದು ಮೆಟ್ಟಿಲು ಉಳಿಸೋಕೆ ಹೋಗಿ ದಾರಿಯೇ ಉದ್ದ ಆಯಿತು. ಜಿಲ್ಲೆಯಲ್ಲೇ ಒಬ್ಬ ನ್ಯಾಯಾಧೀಶರು ಸಾಕ್ಷ್ಯ ನೋಡಿ ಒಂದೇ ಸಲಕ್ಕೆ ಮುಗಿಸಬಹುದಾಗಿದ್ದ ಜಗಳ, ಸಾಕ್ಷ್ಯ ನೋಡೋ ಅಧಿಕಾರವೇ ಇಲ್ಲದ ಕೋರ್ಟಿಗೆ ಹೋಯಿತು. ಅದೂ ಬೆಂಗಳೂರಿಗೆ. ಧಾರವಾಡ, ಗುಲ್ಬರ್ಗದಲ್ಲಿ ಹೈಕೋರ್ಟ್ ಪೀಠ ಶುರುವಾಗಿದ್ದು 2008ರಲ್ಲಿ. ಅಲ್ಲೀತನಕ ಬೀದರಿನ ಗೇಣಿದಾರ ಸುಮಾರು 700 ಕಿಲೋಮೀಟರ್ ಬರಬೇಕಿತ್ತು, ನಾವು ಈಗ ಹಬ್ಬಕ್ಕೆ ಊರಿಗೆ ಹೋಗೋಕೆ ಗೊಣಗುವಷ್ಟು ದೂರ.

ನಡುವೆ ತುರ್ತುಪರಿಸ್ಥಿತಿ ಬಂತು. 1976ರ 42ನೇ ತಿದ್ದುಪಡಿ 226ನೇ ವಿಧಿಯನ್ನ ಕಿರಿದು ಮಾಡಿತು. ಕಾನೂನು ಮುರಿದರೆ ಸಾಲದು, ಅದರಿಂದ ಗಣನೀಯ ಹಾನಿ ಅಥವಾ ನ್ಯಾಯದ ವೈಫಲ್ಯ ಆಗಿರಬೇಕು ಅಂತ ಷರತ್ತು ಬಂತು. 227ನೇ ವಿಧಿಯಲ್ಲಿ ಹೈಕೋರ್ಟಿನ ಮೇಲ್ವಿಚಾರಣೆಯಿಂದ ನ್ಯಾಯಮಂಡಳಿಗಳನ್ನೇ ಹೊರಗಿಟ್ಟಿತು. ಹೊಸದಾಗಿ ಸೇರಿಸಿದ 323-ಬಿ ಭೂಸುಧಾರಣೆಗೇ ಪ್ರತ್ಯೇಕ ಮಂಡಳಿ ಮಾಡಿ ಹೈಕೋರ್ಟನ್ನ ದೂರ ಇಡೋಕೆ ಬಾಗಿಲು ತೆರೆಯಿತು. ನಮ್ಮ ಮಂಡಳಿಗಳು ಭರದಿಂದ ಆದೇಶ ಕೊಡುತ್ತಿದ್ದ ಕಾಲ ಅದೇ ಅನ್ನೋದನ್ನ ಗಮನಿಸಿ. ಜನತಾ ಸರ್ಕಾರದ 44ನೇ ತಿದ್ದುಪಡಿ 1979ರಲ್ಲಿ ಜಾರಿಯಾಗಿ 226, 227 ಮೊದಲಿನ ಸ್ಥಿತಿಗೆ ಬಂದವು. 323-ಬಿ ಮಾತ್ರ ಉಳಿಯಿತು, ಅದರ ಹಲ್ಲು ಕಿತ್ತಿದ್ದು 1997ರ ಎಲ್. ಚಂದ್ರಕುಮಾರ್ ತೀರ್ಪು. ಮಂಡಳಿಗಳ ಮೇಲಿನ ಹೈಕೋರ್ಟಿನ ಪರಿಶೀಲನೆ ಸಂವಿಧಾನದ ಮೂಲ ರಚನೆಯ ಭಾಗ, ತೆಗೆಯೋ ಹಾಗಿಲ್ಲ ಅಂತ ಅಲ್ಲಿ ಹೇಳಿದರು.

1986ರಲ್ಲಿ ರಾಜ್ಯಕ್ಕೂ ಅಪೀಲು ಬೇಕಿತ್ತು ಅನ್ನಿಸಿತು. ಆ ವರ್ಷದ 19ನೇ ಕಾಯ್ದೆಯಿಂದ ಜಿಲ್ಲಾ ಮಟ್ಟದಲ್ಲಿ ಭೂಸುಧಾರಣಾ ಮೇಲ್ಮನವಿ ಪ್ರಾಧಿಕಾರ ಬಂತು. ಹೈಕೋರ್ಟಿನಲ್ಲಿ ಬಾಕಿಯಿದ್ದ ರಿಟ್‌ಗಳು ಕಟ್ಟುಕಟ್ಟಾಗಿ ಜಿಲ್ಲೆಗಳಿಗೆ ಹೋದವು, ಅಲ್ಲಿ ಅಪೀಲುಗಳಾದವು. ಸಾಕ್ಷ್ಯ ತೂಗೋ ಒಂದು ವೇದಿಕೆ ಕೊನೆಗೂ ಸಿಕ್ಕಿತು. ನಾಲ್ಕೇ ವರ್ಷ. 1990ರ 18ನೇ ಕಾಯ್ದೆಯಲ್ಲಿ ಪ್ರಾಧಿಕಾರಗಳನ್ನೇ ರದ್ದು ಮಾಡಿದರು. ಅದೇ ಕಾಯ್ದೆಯ 17ನೇ ಕಲಂ ಅಡಿ ಸಿವಿಲ್ ಪಿಟಿಷನ್ ಅಂತ ಹೈಕೋರ್ಟಿಗೆ ಅರ್ಜಿ ಹಾಕಿ ಹಳೇ ರಿಟ್‌ಗೆ ಮತ್ತೆ ಜೀವ ಕೊಡಿಸಬೇಕಾಯಿತು. ಒಂದೇ ಗದ್ದೆಯ ಫೈಲು ತಾಲ್ಲೂಕಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮತ್ತೆ ಬೆಂಗಳೂರಿಗೆ, ಅಲ್ಲಿಂದ ‘ಹೊಸದಾಗಿ ವಿಚಾರಣೆ’ ಅಂತ ತಾಲ್ಲೂಕಿಗೆ. ಪ್ರತಿ ಸಲವೂ ನಂಬರ್ ಬೇರೆ. ಈಗ ಹಳೇ ಫೈಲು ಹುಡುಕೋಕೆ ಹೋದವರಿಗೆ ತಲೆ ಕೆಡೋದು ಇದಕ್ಕೇ.

ವಕೀಲರ ನಿಷೇಧದ ಕಥೆಯೂ ಹೇಳಿಬಿಡ್ತೀನಿ. ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪಿನಲ್ಲಿ, ಕಾಯ್ದೆಯನ್ನ ಎತ್ತಿಹಿಡಿಯಿತು. ಆದರೆ ವಕೀಲಿ ವೃತ್ತಿಯ ಹಕ್ಕು ಸಂಸತ್ತಿನ ಕಾನೂನಿಗೆ ಸೇರಿದ್ದು, ರಾಜ್ಯದ 48(8) ಅದಕ್ಕೆ ಅಡ್ಡ ಬರೋ ಹಾಗಿಲ್ಲ ಅಂದಿತು. ತತ್ವವಾಗಿ ಸರಿ. ನಡೆದದ್ದು ಮಾತ್ರ, ಹೆಚ್ಚಿನ ಅರ್ಜಿಗಳು ವಕೀಲರಿಲ್ಲದೇ ತೀರ್ಮಾನವಾಗಿ ಹೋದ ಮೇಲೆ ಬಾಗಿಲು ತೆರೆಯಿತು. ವಕೀಲರಿಲ್ಲದಿದ್ದರೆ ಗೇಣಿದಾರನಿಗೆ ಅನುಕೂಲ ಅಂತ ಅಂದುಕೊಂಡಿದ್ದರಲ್ಲ, ಅದೂ ಅರ್ಧ ಸತ್ಯ. ಯಾವ ದಾಖಲೆ ಹಾಜರುಪಡಿಸಬೇಕು, ಸರ್ವೆ ನಂಬರಿನ ಹಿಸ್ಸಾ ಎಷ್ಟು ಅಂತ ಹೇಳೋರು ಇಲ್ಲದೆ ಎಷ್ಟೋ ನಮೂನೆ 7ರಲ್ಲಿ ವಿಸ್ತೀರ್ಣವೇ ತಪ್ಪು ಬಿತ್ತು. 48-ಎ(6) ಪ್ರಕಾರ ಬರವಣಿಗೆಯ, ಲೆಕ್ಕದ ತಪ್ಪನ್ನ ಮಂಡಳಿಯೇ ತಿದ್ದಬಹುದು, ಅಳತೆ ಮಾಡಿಸಿ ಎರಡೂ ಕಡೆ ಕೇಳಿ ವಿಸ್ತೀರ್ಣವನ್ನೂ ತಿದ್ದಬಹುದು. ಆದರೆ ‘ತಿದ್ದುಪಡಿ’ ಅನ್ನೋ ಹೆಸರಲ್ಲಿ ಹೊಸ ಜಮೀನನ್ನೇ ಸೇರಿಸೋಕೆ ಹೋದರೆ ಅದು ತಿದ್ದುಪಡಿ ಅಲ್ಲ, ಹೊಸ ತಪ್ಪು, ಮತ್ತೊಂದು ರಿಟ್.

ಇನ್ನೊಂದು ದೊಡ್ಡ ಜಗಳ ಮನೆಯೊಳಗಿನದು. ಡಿಕ್ಲರೇಷನ್ ಹಾಕಿದ್ದು ಹಿರಿಯ ಮಗ, ಆದೇಶ ಅವನ ಹೆಸರಿಗೆ. ಗೇಣಿ ಹಿಡಿದಿದ್ದು ಅಪ್ಪ, ಉತ್ತಿದ್ದು ಎಲ್ಲ ಅಣ್ಣತಮ್ಮಂದಿರು. ಹಾಗಾದರೆ ಹಕ್ಕು ಕುಟುಂಬದ್ದೋ ಒಬ್ಬನದ್ದೋ? ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು, ಗೇಣಿ ಅವಿಭಕ್ತ ಕುಟುಂಬದ್ದೋ ವ್ಯಕ್ತಿಯದ್ದೋ ಅನ್ನೋದನ್ನೂ ಮಂಡಳಿಯೇ ತೀರ್ಮಾನಿಸಬೇಕು, ಸಿವಿಲ್ ಕೋರ್ಟಲ್ಲ. ಇಲ್ಲಿ ದೂರದಲ್ಲಿರೋ ನಮ್ಮಂಥವರಿಗೆ ನೇರ ಸಂಬಂಧ ಇದೆ. ಓದೋಕೆ, ಕೆಲಸಕ್ಕೆ ಅಂತ ಊರು ಬಿಟ್ಟ ತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು ಇವರ ಹೆಸರು ಆ ಮೂರು ಸಾಲಿನ ಆದೇಶದಲ್ಲಿ ಇರಲ್ಲ. ಅಪ್ಪ ಇರೋವರೆಗೂ ಯಾರೂ ಕೇಳಲ್ಲ. ರಸ್ತೆ ಅಗಲೀಕರಣಕ್ಕೆ ಪರಿಹಾರ ಬಂದಾಗ ಎಲ್ಲರಿಗೂ ನೆನಪಾಗುತ್ತೆ.

ಆಗ ಕೆಲವರು ಮಂಡಳಿಯ ಆದೇಶವನ್ನೇ ಪ್ರಶ್ನಿಸೋಣ ಅಂತ ಹೊರಡ್ತಾರೆ. 226ಕ್ಕೆ ಇಷ್ಟೇ ದಿನ ಅಂತ ಕಾಲಮಿತಿ ಬರೆದಿಲ್ಲ, ನಿಜ. ಆದರೆ ವಿಳಂಬಕ್ಕೆ ಕಾರಣ ಹೇಳಬೇಕು. ಇಷ್ಟು ವರ್ಷ ಸುಮ್ಮನಿದ್ದವರ ಅರ್ಜಿಯನ್ನ ಹೈಕೋರ್ಟು ಒಳಗಿನ ವಿಷಯಕ್ಕೇ ಹೋಗದೆ ವಜಾ ಮಾಡಬಹುದು. ಎದುರಿನವರು ಆ ಆದೇಶವನ್ನ ನಂಬಿ ಮನೆ ಕಟ್ಟಿದ್ದಾರೆ, ತೋಟ ಎಬ್ಬಿಸಿದ್ದಾರೆ, ಸಾಲ ತೆಗೆದಿದ್ದಾರೆ. ಅದೇ ಹೊತ್ತಿಗೆ, ನೋಟಿಸೇ ಕೊಡದೆ ಮಾಡಿದ ಆದೇಶ ಅಂತ ತೋರಿಸೋಕಾದರೆ ಕೋರ್ಟಿನ ಮನಸ್ಸು ಬೇರೆ ಥರ ಇರಬಹುದು. ಎರಡೂ ನ್ಯಾಯವೇ. ಇವೆರಡರ ನಡುವೆ ಯಾವುದು ಗೆಲ್ಲುತ್ತೆ ಅನ್ನೋದು ಆ ಫೈಲಿನಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿದೆ.

ಹಾಗಾಗಿ ಊರಿಗೆ ಹೋದಾಗ ಪಹಣಿ ಜೊತೆಗೆ ಮಂಡಳಿಯ ಪೂರ್ತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ, ಆದೇಶದ ತಾರೀಖು, ನಂಬರ್ ಇದ್ದರೆ ಸುಲಭ. ಆದೇಶದ ಹಾಳೆ ಒಂದನ್ನೇ ತಂದರೆ ಸಾಲದು. ನಮೂನೆ 7ರ ಅರ್ಜಿ, ನೋಟಿಸ್ ಜಾರಿಯಾದ ವರದಿ, ದಿನವಹಿ, ಹೇಳಿಕೆಗಳು, ಇದ್ದರೆ ಮಹಜರು, ಎಲ್ಲ ಬೇಕು. ನೋಟಿಸಿನ ಹಿಂಬದಿಯಲ್ಲಿ ಯಾರ ಸಹಿ ಇದೆ ನೋಡಿ, ಹೆಬ್ಬೆಟ್ಟಾದರೆ ಯಾರದ್ದು ಅಂತ ಬರೆದಿದ್ದಾರಾ ನೋಡಿ. ಯಾವ ದಿನ ಯಾವ ಸದಸ್ಯರು ಹಾಜರಿದ್ದರು ಅನ್ನೋದನ್ನ ಆದೇಶದ ಸಹಿಗಳ ಜೊತೆ ಹೋಲಿಸಿ. ಕಾಗದ ಹಳದಿಯಾಗಿ ಅಂಚು ಪುಡಿಯಾಗುತ್ತಿರುತ್ತೆ, ನಕಲು ಬೇಗ ತೆಗೆಸಿ.